ಮರುಭೂಮಿಯ ಬೇಸಿಗೆಗೆ ಮೋಟರ್‌ಹೋಮ್ ಸಿದ್ಧಪಡಿಸುವಾಗ

ಚಳಿಗಾಲವನ್ನು ಮರುಭೂಮಿಯಲ್ಲಿ ಕಳೆದು, ಬಿಸಿಲು ಏರುವ ಮೊದಲೇ ಮೋಟರ್‌ಹೋಮನ್ನು, ಅಂದರೆ ಒಳಗೇ ವಾಸಿಸಬಹುದಾದ ನನ್ನ ವಾಹನವನ್ನು, ಅಲ್ಲಿಯೇ ನಿಲ್ಲಿಸಿ ಹೊರಡುವುದು ನನ್ನ ರೂಢಿ. ಹಿಮ ಬೀಳುವ ಕಡೆ ವಾಹನ ನಿಲ್ಲಿಸುವವರಿಗೆ ಕೊಳವೆಯ ನೀರು ಹೆಪ್ಪುಗಟ್ಟೀತೆಂಬ ಚಿಂತೆಯಾದರೆ, ಇಲ್ಲಿ ಇರಬೇಕಾದ ನೀರು ಆರಿಹೋಗುವುದೇ ತೊಂದರೆಯ ಮೂಲ. ರಬ್ಬರು, ಮರ, ಬ್ಯಾಟರಿ ಯಾವುದನ್ನೂ ಈ ಒಣಗಾಳಿ ಬಿಡುವುದಿಲ್ಲವಾದ್ದರಿಂದ, ನನ್ನ ತಯಾರಿಯ ಬಹುಪಾಲು ಒಣಗುವುದನ್ನು ತಡೆಯುವುದಕ್ಕೇ ಮೀಸಲು.

ಸಿಂಕು ಮತ್ತು ಸ್ನಾನದ ಜಾಗದ ಕೆಳಗಿನ ಬಾಗಿದ ಕೊಳವೆಯಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ. ಕೊಳಚೆ ಟ್ಯಾಂಕಿನ ದುರ್ವಾಸನೆ ಒಳಬರದಂತೆ ತಡೆಯುವುದು ಅದೇ. ಬೇಸಿಗೆಯಲ್ಲಿ ಆ ನೀರು ಪೂರ್ತಿ ಆರಿಹೋಗುವುದರಿಂದ, ಕೊನೆಯ ದಿನ ಅದರ ಮೇಲೆ ಸ್ವಲ್ಪ ಮಿನರಲ್ ಆಯಿಲ್ ಸುರಿಯುತ್ತೇನೆ. ಅದು ನೀರಿನ ಮೇಲೆ ಪದರವಾಗಿ ನಿಂತು ಆರುವುದನ್ನು ನಿಧಾನಿಸುತ್ತದೆ. ಅಡುಗೆ ಎಣ್ಣೆ ಸಾಕೆನ್ನುವವರಿದ್ದಾರೆ, ಆದರೆ ಆ ಶಾಖದಲ್ಲಿ ಅದು ಕಮಟು ಹಿಡಿಯುತ್ತದೆ. ಶೌಚದ ಟ್ಯಾಂಕನ್ನು ಖಾಲಿ ಮಾಡಿದರಷ್ಟೇ ಸಾಲದು, ತಿಳಿನೀರು ಹೊರಬರುವವರೆಗೂ ತೊಳೆಯಬೇಕು. ತಳದಲ್ಲಿ ಉಳಿದ ಗಷ್ಟು ಒಣಗಿ ಗಟ್ಟಿಯಾದರೆ ಬಿಡಿಸುವುದು ಬಹಳ ಕಷ್ಟ. ಕುಡಿಯುವ ನೀರಿನ ಟ್ಯಾಂಕ್ ಮತ್ತು ವಾಟರ್ ಹೀಟರನ್ನು ಖಾಲಿ ಮಾಡಿಬಿಡುತ್ತೇನೆ.

ಹೆಚ್ಚು ಹೊತ್ತು ಹಿಡಿಯುವುದು ಬ್ಯಾಟರಿಯ ಕೆಲಸ. ಲೆಡ್ ಆಸಿಡ್ ಬ್ಯಾಟರಿಯು ಬಳಸದೆ ಇಟ್ಟರೂ ತನ್ನಷ್ಟಕ್ಕೆ ಚಾರ್ಜ್ ಕಳೆದುಕೊಳ್ಳುತ್ತದೆ, ಮತ್ತು ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಿದಂತೆಲ್ಲ ಆ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅರೆ ಚಾರ್ಜಿನಲ್ಲಿ ತಿಂಗಳುಗಟ್ಟಲೆ ಕುಳಿತರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬ್ಯಾಟರಿ ಹಾಳಾಗುತ್ತದೆ. ಇದಕ್ಕೆ ಮುಖ್ಯ ಸ್ವಿಚ್ ಆರಿಸಿದರೆ ಸಾಲದು, ಏಕೆಂದರೆ ಅನಿಲ ಸೋರಿಕೆಯ ಅಲಾರಂನಂಥ ಕೆಲವು ಉಪಕರಣಗಳು ಆ ಸ್ವಿಚ್ಚನ್ನು ದಾಟಿ ನೇರವಾಗಿ ಸಂಪರ್ಕ ಪಡೆದಿರುವುದುಂಟು. ಹಾಗಾಗಿ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ಪೂರ್ತಿ ಚಾರ್ಜ್ ಮಾಡಿ, ಋಣ ತಂತಿಯನ್ನೇ ಕಳಚುತ್ತೇನೆ. ತಂಪಾದ ಜಾಗ ದೊರೆತರೆ ಬ್ಯಾಟರಿಯನ್ನೇ ಹೊರತೆಗೆದು ಅಲ್ಲಿಡುವುದು ಇನ್ನೂ ಲೇಸು. ಲಿಥಿಯಂ ಬ್ಯಾಟರಿಯ ಲೆಕ್ಕ ಬೇರೆ: ಶಾಖದಲ್ಲಿ ತುಂಬಿಟ್ಟರೆ ಅದು ಬೇಗ ಸವೆಯುವುದರಿಂದ ಸುಮಾರು ಅರ್ಧ ಚಾರ್ಜಿನಲ್ಲಿ ಬಿಡಬೇಕು.

ಮುಚ್ಚಿದ ವಾಹನದ ಒಳಗೆ ತಾಪ 60 ಡಿಗ್ರಿಯನ್ನೂ ದಾಟಬಲ್ಲದು. ಸ್ಪ್ರೇ ಡಬ್ಬಿಗಳ ಮೇಲೆ 50 ಡಿಗ್ರಿ ಮೀರಬಾರದೆಂದು ಮುದ್ರಿಸಿರುತ್ತಾರೆ. ಅವುಗಳ ಜೊತೆ ಲೈಟರ್, ಸೋಡಾ ಬಾಟಲಿ, ಔಷಧಿ, ಮೇಣದಬತ್ತಿ, ಡಬ್ಬಿಯ ಆಹಾರ ಎಲ್ಲವೂ ಹೊರಗೆ ಹೋಗಬೇಕು. ಅಗ್ನಿಶಾಮಕವನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ, ಅದಕ್ಕೂ ತಾಪದ ಮಿತಿಯಿದೆ. ಫ್ರಿಜ್ಜನ್ನು ಒರೆಸಿ ಒಣಗಿಸಿ, ಬಾಗಿಲು ಮುಚ್ಚಿಕೊಳ್ಳದಂತೆ ಸಂದಿಗೆ ಏನಾದರೂ ಸಿಕ್ಕಿಸಿಡುತ್ತೇನೆ. ಮರ ಒಣಗಿ ಬಿರುಕು ಬಿಡಬಾರದೆಂದು ಬಕೆಟ್ಟುಗಳಲ್ಲಿ ನೀರು ತುಂಬಿಡುವವರಿದ್ದಾರೆ. ಇದರಿಂದ ಕೆಡುಕಿಲ್ಲ, ಆದರೆ ಆ ನೀರು ಇಡೀ ಬೇಸಿಗೆಗೆ ಸಾಲುತ್ತದೆಂದು ನನಗನ್ನಿಸುವುದಿಲ್ಲ.

ಉತ್ತರ ಗೋಳಾರ್ಧದಲ್ಲಿ ಮುಂಗಾಜನ್ನು ಉತ್ತರಕ್ಕೆ ತಿರುಗಿಸಿ ನಿಲ್ಲಿಸಿದರೆ ಡ್ಯಾಶ್‌ಬೋರ್ಡಿನ ಮೇಲೆ ಬೀಳುವ ಬಿಸಿಲು ಬಹಳ ಕಡಿಮೆಯಾಗುತ್ತದೆ. ಒಣಗಿದ ಹಳ್ಳದ ಪಾತ್ರ ಎಷ್ಟೇ ಸಮತಟ್ಟಾಗಿ ಕಂಡರೂ ಅಲ್ಲಿ ನಿಲ್ಲಿಸಬಾರದು, ದೂರದಲ್ಲಿ ಸುರಿದ ಮಳೆಯೂ ಅಲ್ಲಿಗೇ ಹರಿದುಬರುತ್ತದೆ. ಬದಿಗೆ ಚಾಚುವ ಕೋಣೆಗಳನ್ನೂ ನೆರಳಿನ ಚಾವಣಿಯನ್ನೂ ಒಳಕ್ಕೆ ಎಳೆದು, ರಬ್ಬರ್ ಅಂಚುಗಳಿಗೆ ಪೆಟ್ರೋಲಿಯಂ ಅಂಶವಿಲ್ಲದ ಸಿಲಿಕೋನ್ ಲೇಪ ಹಚ್ಚುತ್ತೇನೆ. ಟೈರುಗಳು ಸವೆಯುವುದಕ್ಕೆ ಮೊದಲೇ ನೇರಳಾತೀತ ಕಿರಣ ಮತ್ತು ಓಜೋನಿನಿಂದ ಬಿರುಕು ಬಿಡುವುದರಿಂದ ಅವುಗಳಿಗೆ ತಿಳಿಬಣ್ಣದ ಹೊದಿಕೆ ಬೇಕು, ಗಾಳಿಯ ಒತ್ತಡವನ್ನು ಟೈರು ತಂಪಾಗಿರುವ ಮುಂಜಾನೆಯಲ್ಲಿಯೇ ನೋಡಬೇಕು. ಪೆಟ್ರೋಲ್ ಟ್ಯಾಂಕ್ ತುಂಬಿಸಿ, ಇಂಧನ ಕೆಡದಂತೆ ತಡೆಯುವ ಸ್ಟೆಬಿಲೈಸರ್ ದ್ರವ ಹಾಕಿ, ಅದು ಒಳಗೆಲ್ಲ ತಲುಪುವಂತೆ ಎಂಜಿನ್ ಮತ್ತು ಜನರೇಟರನ್ನು ಸ್ವಲ್ಪ ಹೊತ್ತು ನಡೆಸುತ್ತೇನೆ. ಅಡುಗೆ ಅನಿಲದ ವಾಲ್ವ್ ಮುಚ್ಚುತ್ತೇನೆ.

ನೆಲದಡಿಯಲ್ಲಿ ತಂತಿ, ಕೊಳವೆ ಹಾದುಹೋಗುವ ಸಂದುಗಳನ್ನು ಇಲಿ ನುಗ್ಗದಂತೆ ಸ್ಟೀಲ್ ಉಣ್ಣೆಯಿಂದ ಬಿಗಿಯುತ್ತೇನೆ. ಹೀಟರಿನ ಹೊರಕಿಂಡಿಗಳಲ್ಲಿ ಕಣಜ ಗೂಡು ಕಟ್ಟುವುದರಿಂದ ಅವುಗಳ ಮೇಲೆ ಟೇಪ್ ಅಂಟಿಸುತ್ತೇನೆ. ಅದನ್ನು ತೆಗೆಯದೆ ಹೀಟರ್ ಹೊತ್ತಿಸುವುದು ಅಪಾಯವಾದ್ದರಿಂದ, ಮುಚ್ಚಿದ ಕಿಂಡಿಗಳ ಪಟ್ಟಿಯೊಂದನ್ನು ಸ್ಟೀರಿಂಗ್‌ಗೆ ಕಟ್ಟಿರುತ್ತೇನೆ. ಅದೇ ಹಾಳೆಯ ಕೆಳಗೆ, ಮರಳಿ ಬಂದಾಗ ಕುಡಿಯುವ ನೀರಿನ ಟ್ಯಾಂಕಿಗೆ ಪ್ರತಿ 60 ಲೀಟರಿಗೆ ಸುಮಾರು 60 ಮಿಲಿಲೀಟರ್ ಸುವಾಸನೆಯಿಲ್ಲದ ಬ್ಲೀಚ್ ಹಾಕಿ, ಕೆಲವು ಗಂಟೆ ಬಿಟ್ಟು, ವಾಸನೆ ಹೋಗುವವರೆಗೂ ತೊಳೆಯಬೇಕೆಂದು ಬರೆದಿರುತ್ತೇನೆ.