ಎಂಬಿಬಿಎಸ್ ಮುಗಿಸಿ ಹಳ್ಳಿ ಸೇವೆಗೆ ಹೊರಟವರಿಗೆ

ನಮ್ಮ ಕರ್ನಾಟಕದ 2012ರ ಕಾಯ್ದೆಯಂತೆ ಒಂದು ವರ್ಷದ ಕಡ್ಡಾಯ ಸೇವೆಗೆ ಹೊರಟಿದ್ದೀರಾ? ಪಿಜಿ (ಸ್ನಾತಕೋತ್ತರ) ಪ್ರವೇಶ ಪರೀಕ್ಷೆಯ ಪುಸ್ತಕ ಹಿಡಿದು ಮೂಲೆಯಲ್ಲಿ ಕೂತು ವರ್ಷ ಕಳೆಯಬೇಡಿ.

ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಹೋದ ದಿನವೇ ಔಷಧಿ ಕೋಣೆ ನೋಡಿ. ಹಾವು ಕಡಿತದ ಇಂಜೆಕ್ಷನ್ ಎಷ್ಟಿದೆ, ಎಕ್ಸ್‌ಪೈರಿ ಯಾವಾಗ ಅಂತ ಬರೆದಿಟ್ಟುಕೊಳ್ಳಿ. ಒಣಗಿದ, ಶುಭ್ರವಾದ ಗಾಜಿನ ಟೆಸ್ಟ್ ಟ್ಯೂಬ್ ನಾಲ್ಕೈದು ಎತ್ತಿಡಿ. ಪ್ಲಾಸ್ಟಿಕ್ ಬೇಡ, ಸೋಪಿನಲ್ಲಿ ತೊಳೆದದ್ದೂ ಬೇಡ. ಹಾವು ಕಚ್ಚಿಸಿಕೊಂಡವರ ರಕ್ತ 20 ನಿಮಿಷ ಅಲುಗಾಡಿಸದೆ ಇಟ್ಟು, ಹೆಪ್ಪುಗಟ್ಟಿದೆಯಾ, ಇಲ್ಲಾ ವಿಷದಿಂದ ಹಾಗೇ ನೀರಾಗಿ ಉಳಿದಿದೆಯಾ ಅಂತ ನೋಡಲು ಇದೇ ಬೇಕು. ರಾತ್ರಿ ಹನ್ನೊಂದಕ್ಕೆ ಹುಡುಕುತ್ತಾ ಕೂರಲು ಆಗುತ್ತದೆಯೇ?

ಬಿಡುವಾದಾಗ ಆಶಾ ಅಕ್ಕಂದಿರ ಜೊತೆ ಮನೆ ಮನೆ ಸುತ್ತಿ. ಯಾವ ಬಸುರಿಗೆ ರಕ್ತ ಕಮ್ಮಿ, ಯಾವ ಅಜ್ಜ ಬಿಪಿ ಮಾತ್ರೆ ಸುಮ್ನೆ ಡಬ್ಬಿಯಲ್ಲೇ ಇಟ್ಟಿದ್ದಾರೆ, ಎಲ್ಲ ಅವರಿಗೆ ಗೊತ್ತಿರುತ್ತದೆ.

ಹಾಂ, ಸೇವಾ ಪ್ರಮಾಣಪತ್ರ ಕೈಗೆ ಬರುವವರೆಗೆ ಊರು ಬಿಡಬೇಡಿ.