ಗರಿ ದ್ವೀಪದ ಮರಳಿನಲ್ಲಿ ಸಿಲುಕದೆ ಸುತ್ತುವುದು ಹೇಗೆ?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಗೆ ಹೊಂದಿಕೊಂಡಿರುವ ಗರಿ ಜಗತ್ತಿನ ಅತಿದೊಡ್ಡ ಮರಳು ದ್ವೀಪ. 2023ರವರೆಗೆ ಅದು ಫ್ರೇಸರ್ ದ್ವೀಪವೆಂಬ ಹೆಸರಿನಲ್ಲಿತ್ತು. ಮರಳಿನ ಮೇಲೆಯೇ ಬೆಳೆದ ಮಳೆಕಾಡು, ದಿಬ್ಬಗಳ ನಡುವಿನ ಸಿಹಿನೀರಿನ ಸರೋವರಗಳು ಮತ್ತು ಡಿಂಗೋ ಎಂಬ ಕಾಡುನಾಯಿಗಳನ್ನು ನೋಡಲು ಬ್ರಿಸ್ಬೇನ್‌ನ ಕನ್ನಡಿಗರೂ ಅಲ್ಲಿಗೆ ಹೋಗುತ್ತಾರೆ. ಸಂಭ್ರಮದಿಂದ ಹೊರಟ ಎಷ್ಟೋ ಕುಟುಂಬಗಳು ಅರ್ಧ ದಿನವನ್ನು ಸಲಿಕೆ ಹಿಡಿದೇ ಕಳೆಯುವುದನ್ನು ನೋಡಿದ ಮೇಲೆ ಈ ಕ್ರಮವನ್ನು ಬರೆದಿಡುವುದು ಅಗತ್ಯವೆನಿಸಿತು.

ಮೊದಲು ವಾಹನದ ಪರವಾನಗಿಯನ್ನೂ, ಡೇರೆ ಹೂಡುವುದಾದರೆ ಅದರ ಪರವಾನಗಿಯನ್ನೂ ಆನ್‌ಲೈನ್‌ನಲ್ಲಿ ಪಡೆಯಿರಿ. ಅನಂತರ ನೆಲದಿಂದ ಸಾಕಷ್ಟು ಎತ್ತರವಿರುವ, ನಿಧಾನವಾಗಿ ಆದರೆ ಹೆಚ್ಚು ಬಲದಿಂದ ಎಳೆಯುವ ಲೋ ರೇಂಜ್ ಗೇರ್ ಇರುವ ನಿಜವಾದ ಫೋರ್ ವೀಲ್ ಡ್ರೈವ್ ಬಾಡಿಗೆಗೆ ಹಿಡಿಯಿರಿ. ನಗರದಲ್ಲಿ ಓಡಾಡುವ ಆಲ್ ವೀಲ್ ಡ್ರೈವ್ ಕಾರು ಇಲ್ಲಿ ನಡೆಯದು. ಬಾಡಿಗೆ ಕರಾರಿನಲ್ಲಿ ಮರಳಿನ ಮೇಲೆ ಓಡಿಸಲು ಅನುಮತಿ ಇದೆಯೇ ಎಂಬುದನ್ನು ಸಹಿಗೆ ಮುನ್ನ ಓದಿಕೊಳ್ಳಿ.

ಇನ್ನು ಉಬ್ಬರವಿಳಿತದ ವೇಳಾಪಟ್ಟಿ. ಪೂರ್ವದ 75 ಮೈಲ್ ಬೀಚ್ ಕಾನೂನಿನ ದೃಷ್ಟಿಯಿಂದಲೂ ರಸ್ತೆಯೇ. ಅಲ್ಲಿ ಸೀಟ್ ಬೆಲ್ಟ್ ಕಡ್ಡಾಯ, ವೇಗದ ಮಿತಿ ಗಂಟೆಗೆ 80 ಕಿ.ಮೀ., ಸಣ್ಣ ವಿಮಾನಗಳೂ ಅಲ್ಲಿಯೇ ಇಳಿಯುತ್ತವೆ. ಆದರೆ ದಿನಕ್ಕೆರಡು ಬಾರಿ ಸಮುದ್ರ ಆ ರಸ್ತೆಯನ್ನು ನುಂಗುತ್ತದೆ. ಪೂರ್ಣ ಉಬ್ಬರದ ಹಿಂದಿನ ಎರಡು ಗಂಟೆ ಮತ್ತು ನಂತರದ ಎರಡು ಗಂಟೆ ವಾಹನ ಇಳಿಸಲೇಬೇಡಿ. ಇನ್ಸ್‌ಕಿಪ್ ಪಾಯಿಂಟ್‌ನಿಂದ ವಾಹನಗಳನ್ನು ದ್ವೀಪಕ್ಕೆ ದಾಟಿಸುವ ಬಾರ್ಜ್ (ಚಪ್ಪಟೆ ತಳದ ಹಡಗು) ಹತ್ತುವವರು ತಮ್ಮ ಬಿಡುವಿಗೆ ತಕ್ಕಂತೆ ಹೊರಡದೆ ಇಳಿತದ ಸಮಯಕ್ಕೆ ಹೊಂದಿಸಿಕೊಂಡು ಹೊರಡಬೇಕು.

ಎಲ್ಲರೂ ಎಡವುವುದು ಟೈರಿನ ಗಾಳಿಯ ವಿಷಯದಲ್ಲಿ. ಡಾಂಬರು ಮುಗಿಯುವಲ್ಲಿ, ಬಾರ್ಜ್ ಹತ್ತುವ ಮೊದಲೇ, ನಾಲ್ಕೂ ಚಕ್ರಗಳನ್ನು ಸುಮಾರು 18ರಿಂದ 20 ಪಿಎಸ್‌ಐಗೆ ಇಳಿಸಿರಿ. ಗಾಳಿ ಕಡಿಮೆಯಾದಂತೆ ಟೈರು ನೆಲಕ್ಕೆ ತಾಗುವ ಭಾಗ ಉದ್ದವಾಗುತ್ತದೆ, ಭಾರ ಹರಡಿಕೊಳ್ಳುತ್ತದೆ, ಚಕ್ರ ಮರಳನ್ನು ಅಗೆಯದೆ ಅದರ ಮೇಲೆ ತೇಲಿಕೊಂಡು ಸಾಗುತ್ತದೆ. ಕಣ್ಣಳತೆಯನ್ನು ನಂಬಬೇಡಿ, ಪೆನ್ನಿನಂತಿರುವ ಅಗ್ಗದ ಮಾಪಕವನ್ನೂ ಕೊಳ್ಳಬೇಡಿ, ಮುಳ್ಳಿರುವ ಮಾಪಕವನ್ನೇ ತನ್ನಿ. ಗಾಳಿ ಇಳಿದ ಟೈರಿನಲ್ಲಿ ಗಕ್ಕನೆ ತಿರುಗಿಸಿದರೆ ಟೈರು ರಿಮ್‌ನಿಂದ ಕಳಚಿಕೊಳ್ಳಬಹುದು, ಆದ್ದರಿಂದ ನಿಧಾನವಾಗಿ ತಿರುಗಿಸಿರಿ.

ಇಷ್ಟಾದರೂ ಮೆತ್ತನೆಯ ಮರಳಿನಲ್ಲಿ ವಾಹನ ಮುಂದಕ್ಕೆ ಚಲಿಸುವುದು ನಿಂತಿತೆನ್ನಿ. ಆ ಕ್ಷಣವೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಇನ್ನೊಮ್ಮೆ ಜೋರಾಗಿ ಒತ್ತಿದರೆ ಹೊರಬರಬಹುದೆಂಬ ಆಸೆಯೇ ಚಕ್ರವನ್ನು ಆಕ್ಸಲ್‌ವರೆಗೆ ಹೂಳುತ್ತದೆ. ಬಂದ ಜಾಡಿನಲ್ಲಿಯೇ ಮೆಲ್ಲಗೆ ಹಿಂದಕ್ಕೆ ತೆಗೆಯಲು ನೋಡಿ. ಆಗದಿದ್ದರೆ ಕೆಳಗಿಳಿದು, ಹೋಗಬೇಕಾದ ದಿಕ್ಕಿನಲ್ಲಿ ಪ್ರತಿ ಚಕ್ರದ ಎದುರಿನ ಮರಳನ್ನು ಇಳಿಜಾರಾಗಿ ತೆಗೆದು, ವಾಹನದ ಹೊಟ್ಟೆಗೆ ತಾಗಿರುವ ಮರಳನ್ನೂ ಉದ್ದ ಹಿಡಿಯ ಸಲಿಕೆಯಿಂದ ಎಳೆದು, ಗಾಳಿಯನ್ನು 15ಕ್ಕೆ ಇಳಿಸಿ, ಸಿಲುಕಿದ ಚಕ್ರಕ್ಕೆ ಹಿಡಿತ ಕೊಡಲೆಂದೇ ಮಾರುವ ಹಲಗೆಗಳನ್ನು ಚಕ್ರಕ್ಕೆ ಒತ್ತಿ ಇಟ್ಟು ಅತಿ ನಿಧಾನವಾಗಿ ಹೊರಡಿ. ತೆಳು ಪ್ಲಾಸ್ಟಿಕ್ಕಿನ ಹಲಗೆಗಳು ಚಕ್ರ ಗಿರಕಿ ಹೊಡೆದ ಕೂಡಲೇ ಕರಗಿ ನುಣುಪಾಗುತ್ತವೆ; ಅವಕ್ಕೆ ಹಣ ಸುರಿಯಬೇಡಿ.

ತೀರವನ್ನು ಸೀಳಿ ಸಮುದ್ರಕ್ಕೆ ಹರಿಯುವ ಸಣ್ಣ ತೊರೆಗಳ ಬಗ್ಗೆಯೂ ಎಚ್ಚರವಿರಲಿ. ನೀರು ಪಾದ ಮುಳುಗುವಷ್ಟೇ ಇದ್ದರೂ ಅದರ ದಡದಲ್ಲಿ ಮೊಣಕಾಲೆತ್ತರದ ಮರಳಿನ ಮೆಟ್ಟಿಲು ಕೊರೆದಿರಬಹುದು. ದೂರದಿಂದ ಅದು ಕಾಣುವುದಿಲ್ಲವಾದ್ದರಿಂದ, ಮಿತಿ 80 ಇದ್ದರೂ 60 ದಾಟಬೇಡಿ ಎನ್ನುವುದೇ ನನ್ನ ಸಲಹೆ. ದಾರಿ ಉಳಿಸಲು ಅಲೆಯ ಅಂಚಿನ ಉಪ್ಪುನೀರಿನಲ್ಲಿ ಓಡಿಸುವವರು ತುಕ್ಕನ್ನು ಕೈಯಾರೆ ಕರೆದಂತಾಗುತ್ತದೆ.

ಬೂರಂಗೂರ ಸರೋವರ, ಈಲೈ ತೊರೆ, 1935ರಲ್ಲಿ ದಡಕ್ಕೆ ಬಡಿದ ಮಹೆನೋ ಹಡಗಿನ ಅವಶೇಷ, ಇವಿಷ್ಟನ್ನು ನೋಡಲು ಎರಡು ದಿನ ಬೇಕು. ಸಮುದ್ರದಲ್ಲಿ ಶಾರ್ಕ್‌ಗಳೂ ಸೆಳೆತವೂ ಇರುವುದರಿಂದ ಈಜು ಸರೋವರದಲ್ಲಿಯೇ ಇರಲಿ. ಮಕ್ಕಳನ್ನು ಕೈಗೆಟಕುವಷ್ಟು ಹತ್ತಿರದಲ್ಲಿಟ್ಟುಕೊಳ್ಳಿ, ಡಿಂಗೋ ಎದುರಾದರೆ ಓಡದೆ ಅದಕ್ಕೆ ಮುಖ ಕೊಟ್ಟು ಹಿಮ್ಮೆಟ್ಟಿ, ಒಂದು ಚೂರು ಚಪಾತಿಯನ್ನೂ ಹಾಕಬೇಡಿ.

ಮರಳಿ ಡಾಂಬರಿಗೆ ಬಂದೊಡನೆ ಕಂಪ್ರೆಸರ್‌ನಿಂದ ಗಾಳಿ ತುಂಬಿಸಿ, ವಾಹನದ ಅಡಿಭಾಗವನ್ನು ಸಿಹಿನೀರಿನಿಂದ ತೊಳೆಸಿದ ಮೇಲೆಯೇ ಹೆದ್ದಾರಿ ಹಿಡಿಯಿರಿ.