ಆಣೆ ಲೆಕ್ಕ, ಚುಕ್ಕಿ ರಂಗೋಲಿ: ಹಿರಿಯರ ನೆನಪಿಗೆ ನಾನು ಮಾಡಿದ ಹಾಳೆಗಳು

ಎಂಬತ್ತರ ಹತ್ತಿರ ಬಂದವರನ್ನು ಹಾಳೆ, ಪೆನ್ಸಿಲ್ ಕೊಟ್ಟು ಒಂದು ಗಂಟೆ ಕೂರಿಸೋಕೆ ಆಗಲ್ಲ ಅಂತ ಎಲ್ಲರೂ ಹೇಳಿದ್ದರು. ಈಗ ಮೈಸೂರಿನಲ್ಲಿ ನಾನು ನಡೆಸುವ ಗುಂಪಿನಲ್ಲಿ ಹದಿನೈದು, ಹದಿನಾರು ಜನ ವಾರಕ್ಕೆ ಎರಡು ಸಲ ಕೂರುತ್ತಾರೆ. ಕಾಫಿ ಬಂದರೂ ಹಾಳೆ ಕೆಳಗಿಡುವುದಿಲ್ಲ. ಇದೇ ಕೆಲಸದಲ್ಲಿರುವ ಗೆಳೆಯರು ಹೇಗೆ ಮಾಡಿದಿರಿ ಅಂತ ಕೇಳುತ್ತಲೇ ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಇಂಗ್ಲಿಷ್ ವರ್ಕ್‌ಶೀಟ್‌ಗಳನ್ನು ಕನ್ನಡಕ್ಕೆ ಮಾಡಿಸಿ ಬಣ್ಣದಲ್ಲಿ ಪ್ರಿಂಟ್ ಹಾಕಿಸಿದೆವು. ನಾಲ್ಕು ಸಾವಿರದಷ್ಟು ಖರ್ಚಾಯಿತು. ಹಿಮದ ಗೊಂಬೆಗೂ ಟೋಪಿಗೂ ಗೆರೆ ಎಳೆಯಿರಿ ಅಂದರೆ ಮಂಡ್ಯ ಕಡೆಯ ಅಜ್ಜಿಗೆ ಏನು ನೆನಪಾಗಬೇಕು? ಆಮೇಲೆ ಒಬ್ಬರ ಮಗ ಟ್ಯಾಬ್ಲೆಟ್ ಕೊಡಿಸಿದರು, ಹನ್ನೆರಡು ಸಾವಿರದ್ದು. ಒಣಗಿದ ಬೆರಳಿಗೆ ಅದು ಸರಿಯಾಗಿ ಓಗೊಡುವುದೇ ಇಲ್ಲ. ಪದಬಂಧವೂ ಕೈಕೊಟ್ಟಿತು. ಪೇಪರಿನ ಪದಬಂಧ ಬಿಡಿಸಿ ಬಿಡಿಸಿ ಪಳಗಿದ ಇಬ್ಬರು ಹತ್ತು ನಿಮಿಷದಲ್ಲಿ ಮುಗಿಸಿದರು, ಉಳಿದವರು ಹಾಳೆಯನ್ನು ಪಕ್ಕಕ್ಕೆ ತಳ್ಳಿದರು.

ದಾರಿ ತೆರೆದದ್ದು ಆಣೆ ಲೆಕ್ಕ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ನಯಾ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಅಂದರೆ ಈಗ ಎಂಬತ್ತರ ಆಸುಪಾಸಿನಲ್ಲಿರುವವರು ಚಿಲ್ಲರೆ ಎಣಿಸೋಕೆ ಕಲಿತದ್ದೇ ಆಣೆಯಲ್ಲಿ. ಒಂದು ಹಾಳೆಯಲ್ಲಿ ಹೀಗೆ ಬರೆದೆ: ಸೇರಿಗೆ 6 ಆಣೆಯಂತೆ ಎರಡೂವರೆ ಸೇರು ಅಕ್ಕಿ, ಒಂದು ರೂಪಾಯಿ ಕೊಟ್ಟರೆ ಚಿಲ್ಲರೆ ಎಷ್ಟು? ದಿನಸಿ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರು ಇದ್ದರು. ಬೆಳಿಗ್ಗೆ ಏನು ತಿಂದೆ ಅನ್ನೋದು ಅವರಿಗೆ ನೆನಪಿರುತ್ತಿರಲಿಲ್ಲ. ಪೆನ್ಸಿಲ್ ಎತ್ತುವ ಮೊದಲೇ "ಒಂದಾಣೆ" ಅಂದರು. ಪಕ್ಕದವರು ಆಗ ಅಕ್ಕಿ ಅಷ್ಟು ತುಟ್ಟಿ ಇರಲಿಲ್ಲ ಅಂತ ಜಗಳಕ್ಕೆ ನಿಂತರು. ಅವತ್ತು ಆ ಮೇಜಿನಲ್ಲಿ ಅರ್ಧ ಗಂಟೆ ಮಾತು ನಿಲ್ಲಲೇ ಇಲ್ಲ. ಇದರಿಂದ ಮರೆವಿನ ಕಾಯಿಲೆ ವಾಸಿಯಾಗುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆದರೆ ಸುಮ್ನೆ ಗೋಡೆ ನೋಡುತ್ತಾ ಕೂತಿದ್ದವರು ಬಾಯಿಬಿಟ್ಟು ಮಾತಾಡಿದರಲ್ಲ, ಅದು ದೊಡ್ಡದು.

ಅಕ್ಷರ ಬಾರದ ಹೆಂಗಸರನ್ನು ಏನು ಮಾಡೋದು ಅನ್ನೋದು ಎಲ್ಲರ ತಲೆನೋವು. ನನ್ನ ಉತ್ತರ ರಂಗೋಲಿ. 7ರಿಂದ 4ರವರೆಗಿನ ಸಂದು ಚುಕ್ಕಿ, ಅಂದರೆ ನಡುವಿನ ಸಾಲಿನಲ್ಲಿ 7, ಅದರ ಮೇಲೂ ಕೆಳಗೂ ಸಂದಿಗೊಂದರಂತೆ 6, 5, 4; ಒಟ್ಟು 37 ಚುಕ್ಕಿ. ಎಡಗಡೆ ಪೂರ್ತಿ ಎಳೆದ ರಂಗೋಲಿ, ಬಲಗಡೆ ಬರೀ ಚುಕ್ಕಿ. ಒಂದು ನಿಮಿಷ ನೋಡಿ, ಎಡಗಡೆ ಮಡಚಿ, ನೆನಪಿನಿಂದ ಎಳೆಯಬೇಕು. ಇದರಲ್ಲಿ ಅವರು ಮೇಷ್ಟ್ರುಗಳನ್ನೂ ಹಿಂದೆ ಹಾಕಿದರು. ನಡುವೆ ತಡೆದರೆ ನಾನು ಬಾಯಲ್ಲಿ ಹೇಳಿಕೊಡುವುದಿಲ್ಲ, ಒಂದು ಎಳೆ ಎಳೆದು ಕೊಡುತ್ತೇನೆ. ಮುಂದಿನದನ್ನು ಕೈ ತಾನೇ ಹುಡುಕಿಕೊಳ್ಳುತ್ತದೆ.

ಪ್ರಿಂಟ್ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿದರೆ ಪೊರೆ ಬಂದ ಕಣ್ಣಿಗೆ ಎಲ್ಲಾ ಕಲೆಸಿ ಕಾಣುತ್ತದೆ. ಅಕ್ಷರ 24 ಪಾಯಿಂಟ್, ಸಾಲಿನ ಅಂತರ ಎರಡರಷ್ಟು, ಮಿಂಚದ ಕಾಗದ. ಪೆನ್ಸಿಲ್ 2ಬಿ, ದಪ್ಪನೆಯದು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಸಂಬಂಧವಿಲ್ಲದ ಹನ್ನೆರಡು ಪದ ಓದಿಸಿ ಹಾಳೆ ತಿರುಗಿಸಿದರೆ ನಾಲ್ಕೋ ಐದೋ ಹೇಳುತ್ತಿದ್ದರು. ಅದರ ಬದಲು ಬಿಸಿಬೇಳೆಬಾತಿನ ಹನ್ನೆರಡು ಸಾಮಾನಿನ ಚೀಟಿ ಮಾಡಿ ಕೊಟ್ಟರೆ ಎಂಟು, ಒಂಬತ್ತು ಬರುತ್ತಿತ್ತು. ಒಬ್ಬರು ಚೀಟಿಯಲ್ಲಿ ಇಲ್ಲದ ಮರಾಠಿ ಮೊಗ್ಗನ್ನೂ ಸೇರಿಸಿದರು. ಅದನ್ನು ತಪ್ಪು ಅಂತ ಹೇಗೆ ಹೇಳೋದು, ಅಲ್ವಾ? ಅದಕ್ಕೂ ಒಂದು ಅಂಕ ಕೊಟ್ಟೆ. ರೈಲ್ವೆಯಲ್ಲಿದ್ದವರಿಗೆ ಬೆಂಗಳೂರಿನಿಂದ ಮೈಸೂರಿಗೆ ಸ್ಟೇಷನ್‌ಗಳನ್ನು ಸಾಲಾಗಿ ಜೋಡಿಸೋ ಹಾಳೆ, ರೈತರಿಗೆ ಮಳೆ ನಕ್ಷತ್ರ. ರೋಹಿಣಿಗೂ ಆರಿದ್ರಕ್ಕೂ ನಡುವೆ ಖಾಲಿ ಜಾಗ ಬಿಟ್ಟರೆ ಮೃಗಶಿರ ತಾನಾಗಿ ಬಂದು ಕೂರುತ್ತದೆ.

ಯಾವ ಹಾಳೆಯಲ್ಲೂ ಮೊದಲ ಉತ್ತರ ನಾನೇ ತುಂಬಿರುತ್ತೇನೆ. ಅದೇ ಹಾಳೆಯನ್ನು ಮತ್ತೆ ಯಾವಾಗ ಕೊಡಬೇಕು, ಕೊನೆಯ ಸಾಲಿನಲ್ಲಿ ಏನಿಡಬೇಕು ಅನ್ನೋದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಖರ್ಚು ಈಗ ತಿಂಗಳಿಗೆ ಮುನ್ನೂರು, ಮುನ್ನೂರೈವತ್ತು. ಜೆರಾಕ್ಸ್ ಹಾಳೆಗೆ ಒಂದು ರೂಪಾಯಿ, ಉಳಿದದ್ದು ಪೆನ್ಸಿಲ್‌ಗೆ. ಟ್ಯಾಬ್ಲೆಟ್ ಕೊಡಿಸಿದ ಮಗನೇ ಈಗ ಮನೆಗೆ ಅಂತ ಹತ್ತು ಹಾಳೆ ಜಾಸ್ತಿ ಕೇಳಿ ಒಯ್ಯುತ್ತಾರೆ. ಧಾರವಾಡದ ಗೆಳತಿಯೊಬ್ಬಳು ಪೂರ್ತಿ ಕಟ್ಟು ಕೇಳಿದ್ದಾಳೆ. ಆದರೆ ನನ್ನ ಸಾಮಾನಿನ ಚೀಟಿ ಅಲ್ಲಿ ನಡೆಯುವುದಿಲ್ಲ. ಬಿಸಿಬೇಳೆಬಾತು ತೆಗೆದು ಜೋಳದ ರೊಟ್ಟಿ, ಎಣಗಾಯಿ ಹಾಕಬೇಕು. ಮೈಸೂರು ಲೈನ್ ತೆಗೆದು ಹುಬ್ಬಳ್ಳಿಯಿಂದ ಲೋಂಡಾಗೆ ಹೋಗೋ ಸ್ಟೇಷನ್‌ಗಳನ್ನು ಕೂರಿಸಬೇಕು. ಅಲ್ಲಿನ ಹಿರಿಯರನ್ನು ಕೇಳಿ ಬರೆದು ಕಳಿಸು ಅಂದಿದ್ದೇನೆ. ಪಟ್ಟಿ ಬಂದ ಕೂಡಲೇ ಟೈಪ್‌ಗೆ ಕೂರುತ್ತೇನೆ.